ಬಣ್ಣ ಹಚ್ಚಿದ ಮೇಲೆ ರಾಕೆಟ್ ಪಲ್ಟಿ ಹೊಡೆಯುತ್ತಿದೆಯಾ? ದೋಷ ಹುಡುಕುವ ದಾರಿ

ಹುತ್ತರಿ ಮುಗಿದು, ಗದ್ದೆಯ ಕೂಳೆ ಒಣಗಿದ ಮೇಲೆ ಸೋಮವಾರಪೇಟೆ ಕಡೆ ರಾಕೆಟ್ ಹಾರಿಸಲು ಒಳ್ಳೆಯ ಕಾಲ. ಜನವರಿಯಲ್ಲಿ ನಾವು ಹಾರಿಸಿದ್ದು ನೀರಿನ ರಾಕೆಟ್. ಎರಡು ಲೀಟರ್ ಸೋಡಾ ಬಾಟಲಿ, ಅದರಲ್ಲಿ ಮೂರನೇ ಒಂದು ಪಾಲು ನೀರು, ಉಳಿದ ಜಾಗಕ್ಕೆ ಸೈಕಲ್ ಪಂಪಿನ ಗಾಳಿ. ಬಣ್ಣ ಹಚ್ಚುವ ಮುಂಚೆ ಅದು ಆರು ಸಲ ನೆಟ್ಟಗೆ ಹೋಯಿತು. ಬಣ್ಣ ಹಚ್ಚಿದ ಮೇಲೆ ಮೊದಲ ಸಲವೇ ಮನೆಯ ಎತ್ತರಕ್ಕೆ ಏರಿ, ಮೂತಿ ತಿರುಗಿಸಿ, ಎರಡು ಪಲ್ಟಿ ಹೊಡೆದು ಬದುವಿನ ಮೇಲೆ ಬಿತ್ತು. ಎರಡನೇ ಸಲವೂ ಅದೇ ಕಥೆ.

ನೋಡುತ್ತಿದ್ದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಗಾಳಿ ಜಾಸ್ತಿ ಅಂದರು. ಪಂಪ್ ಸರಿಯಿಲ್ಲ ಅಂದರು. ನಮ್ಮದು ಎತ್ತರದ ಊರು, ಗಾಳಿ ತೆಳು, ಅದಕ್ಕೇ ರಾಕೆಟ್ ನಿಲ್ಲುತ್ತಿಲ್ಲ ಅಂತಲೂ ಒಬ್ಬರು ಅಂದರು. ಗಾಳಿ ತೆಳು ಅನ್ನುವುದು ನಿಜ. ಸಾವಿರ ಮೀಟರ್ ಎತ್ತರದಲ್ಲಿ ಸಮುದ್ರ ಮಟ್ಟಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಇರುತ್ತದೆ. ಆದರೆ ಆ ಆರು ಸಲ ನೆಟ್ಟಗೆ ಹೋದಾಗಲೂ ಊರು ಇಷ್ಟೇ ಎತ್ತರದಲ್ಲಿತ್ತು! ಅಕ್ಕನ ಮಗಳು ಮಾತ್ರ ಸರಿಯಾದ ಜಾಗಕ್ಕೆ ಕೈ ಇಟ್ಟಳು. "ಮಾಮ, ಬಣ್ಣ ಹಚ್ಚೋಕೆ ಮುಂಚೆ ಚೆನ್ನಾಗಿ ಹೋಗ್ತಿತ್ತಲ್ವಾ? ಆಮೇಲೆ ನಾವು ಏನೇನು ಮಾಡಿದ್ವಿ, ಅದನ್ನ ಮೊದಲು ನೋಡೋಣ."

ಅವಳು ಹೇಳಿದ್ದೇ ಈ ಕೈಪಿಡಿಯ ಮೊದಲ ಹೆಜ್ಜೆ. ನಿಮ್ಮ ರಾಕೆಟ್ ಕೊನೆಯ ಸಲ ಸರಿಯಾಗಿ ಹಾರಿದ್ದು ಯಾವಾಗ? ಅದಾದ ಮೇಲೆ ಏನು ಬದಲಾಯಿತು? ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಹಾಳೆಯಲ್ಲಿ ನಾಲ್ಕು ಸಾಲು ಬಂತು. ರೆಕ್ಕೆಗಳಿಗೆ ಪುಟ್ಟಿ ಮೆತ್ತಿದ್ದು, ಎರಡು ಕೋಟ್ ಕೆಂಪು ಎನಾಮೆಲ್, ಮೈಗೆ ಕೆಂಪು-ಬಿಳಿ ಚೌಕಳಿ, ಮೂರು ಕಾಲಿನ ತುದಿಗೆ ಮೂರು ಟೇಬಲ್ ಟೆನಿಸ್ ಚೆಂಡು. ಕಾರ್ಟೂನಿನ ರಾಕೆಟ್‌ಗೆ ಕಾಲು ಇರಲೇಬೇಕಲ್ಲ! ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕೂತು ಬೆಳೆದ ನನಗೆ ರಾಕೆಟ್ ಅಂದರೆ ಅದೇ ರೂಪ. ಗುಂಡು ಹೊಟ್ಟೆ, ಬಾಗಿದ ಮೂರು ಕಾಲು, ನಡುವೆ ಒಂದು ದುಂಡು ಕಿಟಕಿ. ಆ ರೂಪ ಬಿಡಲು ನನಗೆ ಮನಸ್ಸಿಲ್ಲ. ಬಿಡಬೇಕಾಗಿಯೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಟಾಕಿ ಒಡೆದು ಅದರ ಮದ್ದನ್ನು ರಾಕೆಟ್‌ಗೆ ತುಂಬುವ ಯೋಚನೆ ಬೇಡವೇ ಬೇಡ. ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ, ಕಾನೂನಿಗೂ ವಿರುದ್ಧ. ಇಲ್ಲಿ ಬರೆದಿರುವುದೆಲ್ಲ ನೀರು ಮತ್ತು ಗಾಳಿಯ ರಾಕೆಟ್ ಬಗ್ಗೆ.

ಪಲ್ಟಿಯಾ, ವಾಲಿದ್ದಾ, ಸುತ್ತಿದ್ದಾ?

"ಸರಿಯಾಗಿ ಹೋಗ್ಲಿಲ್ಲ" ಅಂದರೆ ಸಾಲದು. ಹೇಗೆ ಸರಿಯಾಗಿ ಹೋಗಲಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಬರಿಗಣ್ಣಿಗೆ ಇದು ಸಿಗುವುದಿಲ್ಲ. ನೀರೆಲ್ಲ ಖಾಲಿಯಾಗಲು ಅರ್ಧ ಸೆಕೆಂಡೂ ಬೇಕಿಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ, ಹತ್ತು-ಹದಿನೈದು ಮೀಟರ್ ದೂರದಿಂದ, ಮೊಬೈಲ್ ಅಲ್ಲಾಡಿಸದೆ ಹಿಡಿಯಿರಿ.

ಮೂತಿ ಗಾಳಿ ಬರುವ ಕಡೆಗೆ ನಿಧಾನಕ್ಕೆ ವಾಲಿ, ಹಾಗೇ ಮೂತಿ ಮುಂದಾಗಿ ಹೋದರೆ ಅದು ಗಾಳಿಯ ಕೆಲಸ. ದೊಡ್ಡ ರೆಕ್ಕೆಯ ರಾಕೆಟ್‌ಗೆ ಇದು ಜಾಸ್ತಿ. ಗಾಳಿ ನಿಂತಾಗ ಹಾರಿಸಿ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ನಮ್ಮ ಗದ್ದೆಯಲ್ಲಿ ಗಾಳಿ ಇರುವುದೇ ಇಲ್ಲ.

ನೆಟ್ಟಗೆ ಏರುತ್ತಲೇ ಸ್ಕ್ರೂ ಥರ ಸುತ್ತಿದರೆ ಯಾವುದೋ ರೆಕ್ಕೆ ಸೊಟ್ಟಗಿದೆ. ಬಾಲ ಮುಂದೆ, ಮೂತಿ ಹಿಂದೆ ಆಗಿ ಗಾಳಿಯಲ್ಲಿ ಉರುಳಿದರೆ ಅದು ಪಲ್ಟಿ. ಪಲ್ಟಿಗೆ ಕಾರಣ ಯಾವಾಗಲೂ ಹೆಚ್ಚುಕಡಿಮೆ ಒಂದೇ, ತೂಕ ಹಿಂದೆ ಕೂತಿದೆ.

ಇಲ್ಲಿ ಚೌಕಳಿ ಬಣ್ಣ ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜರ್ಮನಿಯವರು 1942ರಲ್ಲಿ ವಿ-2 ರಾಕೆಟ್ ಪರೀಕ್ಷೆ ಮಾಡುವಾಗ ಅದರ ಮೈಗೆ ಕಪ್ಪು-ಬಿಳಿ ಚೌಕಳಿ ಬಳಿದಿದ್ದರು. ಏರುವಾಗ ರಾಕೆಟ್ ತನ್ನ ಸುತ್ತ ತಾನೇ ತಿರುಗುತ್ತಿದೆಯಾ ಎಂದು ಕ್ಯಾಮೆರಾದಲ್ಲಿ ಗೊತ್ತಾಗಲಿ ಅಂತ. 1969ರಲ್ಲಿ ಮನುಷ್ಯರನ್ನು ಚಂದ್ರನಿಗೆ ಕರೆದೊಯ್ದ ಸ್ಯಾಟರ್ನ್ 5ರ ಬಿಳಿ ಮೈ ಮೇಲಿನ ಕಪ್ಪು ಚೌಕಗಳ ಕೆಲಸವೂ ಅದೇ. ನಾವು ಚಿಕ್ಕಂದಿನಲ್ಲಿ ಚೆಂದ ಅಂತ ನೋಡಿದ ಚೌಕಳಿ ಹುಟ್ಟಿದ್ದು ದೋಷ ಹುಡುಕುವುದಕ್ಕೆ. ಒಂದೇ ಬಣ್ಣದ ದುಂಡು ಬಾಟಲಿ ಸುತ್ತಿದರೂ ಕಾಣುವುದಿಲ್ಲ. ಒಂದು ಬದಿಗೆ ಬಿಳಿ, ಇನ್ನೊಂದು ಬದಿಗೆ ಕೆಂಪು ಇದ್ದರೆ ವಿಡಿಯೊದಲ್ಲಿ ಸುತ್ತು ಎಣಿಸಬಹುದು.

ನಮ್ಮ ವಿಡಿಯೊದಲ್ಲಿ ಚೌಕಳಿ ಕದಲಲಿಲ್ಲ. ಅಂದರೆ ರೆಕ್ಕೆ ಸೊಟ್ಟಗಿಲ್ಲ. ನೀರು ಮುಗಿದ ಕೂಡಲೇ ಬಾಲ ಪಕ್ಕಕ್ಕೆ ಜಾರಿ ಮುಂದೆ ಬಂತು. ತೂಕ ನೋಡಲೇಬೇಕು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ತೂಕ ಎಲ್ಲಿ ಕೂತಿದೆ?

ರಾಕೆಟ್‌ಗೆ ಎರಡು ಗುರುತು ಇರುತ್ತವೆ. ಒಂದು ತೂಕದ ಗುರುತು. ಖಾಲಿ ರಾಕೆಟ್ಟನ್ನು ಅಡ್ಡಲಾಗಿ ಒಂದು ಬೆರಳಿನ ಮೇಲೆ ಇಟ್ಟರೆ ಯಾವ ಜಾಗದಲ್ಲಿ ತೂಗಿ ನಿಲ್ಲುತ್ತದೋ ಅದು. ಇನ್ನೊಂದು ಗಾಳಿಯ ಗುರುತು. ರಾಕೆಟ್ ಸ್ವಲ್ಪ ಓರೆಯಾದಾಗ ಪಕ್ಕದಿಂದ ಗಾಳಿ ತಳ್ಳುತ್ತದಲ್ಲ, ಆ ತಳ್ಳುವಿಕೆ ಎಲ್ಲ ಸೇರಿ ಯಾವ ಜಾಗದಲ್ಲಿ ಬಿದ್ದಂತಾಗುತ್ತದೋ ಅದು. ತೂಕದ ಗುರುತು ಮುಂದೆ, ಗಾಳಿಯ ಗುರುತು ಹಿಂದೆ ಇದ್ದರೆ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳಿ ರಾಕೆಟ್ಟನ್ನು ನೆಟ್ಟಗೆ ಮಾಡುತ್ತದೆ. ಎರಡರ ನಡುವೆ ಕನಿಷ್ಠ ಬಾಟಲಿಯ ಅಗಲದಷ್ಟು ಅಂತರ ಬೇಕು. ಎರಡು ಲೀಟರ್ ಬಾಟಲಿಯ ಅಗಲ ಸುಮಾರು 11 ಸೆಂ.ಮೀ.

ಗಾಳಿಯ ಗುರುತು ಹುಡುಕಲು ದೊಡ್ಡ ಲೆಕ್ಕ ಬೇಕಿಲ್ಲ. ರಾಕೆಟ್ಟನ್ನು ರಟ್ಟಿನ ಮೇಲೆ ಮಲಗಿಸಿ, ಅದರ ಪಕ್ಕದ ನೋಟವನ್ನು ಪೆನ್ಸಿಲಿನಲ್ಲಿ ಗೀಚಿ, ಕತ್ತರಿಸಿ, ಆ ರಟ್ಟನ್ನು ಸ್ಕೇಲಿನ ಅಂಚಿನ ಮೇಲೆ ತೂಗಿ ನಿಲ್ಲಿಸಿ. ನಿಂತ ಜಾಗವೇ ಗುರುತು. ನಿಜವಾದ ಗುರುತು ಸಾಮಾನ್ಯವಾಗಿ ಇದಕ್ಕಿಂತ ಇನ್ನೂ ಹಿಂದೆ ಇರುತ್ತದೆ. ಹಾಗಾಗಿ ರಟ್ಟನ್ನು ನಂಬಿದರೆ ನೀವು ಸುರಕ್ಷಿತ ಕಡೆಗೇ ಇರುತ್ತೀರಿ. 1966ರಲ್ಲಿ ಜೇಮ್ಸ್ ಬ್ಯಾರೋಮನ್ ಎಂಬ ಅಮೆರಿಕದ ಎಂಜಿನಿಯರ್ ಹವ್ಯಾಸಿಗಳಿಗೆ ಸರಿಯಾದ ಲೆಕ್ಕದ ಸೂತ್ರ ಕೊಟ್ಟರು. ಈಗಲೂ ರಾಕೆಟ್ ಸಾಫ್ಟ್‌ವೇರ್‌ಗಳಲ್ಲಿ ಅದೇ ಓಡುತ್ತದೆ. ಆದರೆ ಬಾಗಿದ ಕಾಲಿನ ಕಾರ್ಟೂನ್ ರಾಕೆಟ್‌ಗೆ ನಾನು ರಟ್ಟನ್ನೇ ಇಷ್ಟಪಡುತ್ತೇನೆ. ಐದು ನಿಮಿಷದ ಕೆಲಸ, ಮಕ್ಕಳಿಗೂ ಕಣ್ಣಿಗೆ ಕಾಣುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ರಾಕೆಟ್ಟಿನ ಉದ್ದ 75 ಸೆಂ.ಮೀ. ಬಣ್ಣಕ್ಕೆ ಮುಂಚೆ ತೂಕ 140 ಗ್ರಾಂ, ತೂಕದ ಗುರುತು ಮೂತಿಯಿಂದ 33 ಸೆಂ.ಮೀ. ರಟ್ಟಿನ ಗುರುತು 44. ನಡುವೆ 11 ಸೆಂ.ಮೀ., ಸರಿಯಾಗಿ ಒಂದು ಬಾಟಲಿ ಅಗಲ. ಬಣ್ಣದ ಮೇಲೆ ಮತ್ತೆ ತೂಗಿದೆವು. 196 ಗ್ರಾಂ! ತೂಕದ ಗುರುತು 41ಕ್ಕೆ ಜಾರಿತ್ತು. ಉಳಿದ ಅಂತರ ಬರೀ 3 ಸೆಂ.ಮೀ.

ಸೇರಿದ 56 ಗ್ರಾಂನಲ್ಲಿ ಮೈಗೆ ಹೋಗಿದ್ದು 14 ಮಾತ್ರ. ಉಳಿದ 42 ಗ್ರಾಂ ಪುಟ್ಟಿ, ಎನಾಮೆಲ್, ಚೆಂಡುಗಳ ರೂಪದಲ್ಲಿ ಬಾಲಕ್ಕೇ ಸೇರಿತ್ತು. ಯಾಕೆ ಹೀಗಾಗುತ್ತದೆ ಅಂದರೆ, ರೆಕ್ಕೆ ತೆಳುವಾಗಿ ಕಂಡರೂ ಅದಕ್ಕೆ ಎರಡು ಮೈ. ಮೂರು ದೊಡ್ಡ ರೆಕ್ಕೆಯ ಆರು ಮೈ ಸೇರಿದರೆ ಬಾಟಲಿಯ ಮೈಯಷ್ಟೇ ಜಾಗವಾಗುತ್ತದೆ. ಅಲ್ಲಿಗೆ ಹಚ್ಚುವ ಒಂದೊಂದು ಕೋಟೂ ಬಾಲದ ತುದಿಗೆ ಕಟ್ಟಿದ ಭಾರ.

ಮೂತಿಗೆ ತೂಕ ಸೇರಿಸಿದರೆ ಮುಗೀತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮೊದಲು ಬಾಲದಿಂದ ತೆಗೆಯಿರಿ, ಆಮೇಲೆ ಮೂತಿಗೆ ಸೇರಿಸಿ. ಇದರಲ್ಲಿ ನನಗೆ ಸಂಶಯವೇ ಇಲ್ಲ. ಏನೂ ತೆಗೆಯದೆ ಇದ್ದಿದ್ದರೆ ನಮ್ಮ ಮೂತಿಗೆ 50 ಗ್ರಾಂಗಿಂತ ಜಾಸ್ತಿ ಬೇಕಾಗುತ್ತಿತ್ತು. ಅಷ್ಟು ಭಾರದ ಮೂತಿ ಯಾರ ತಲೆ ಮೇಲೂ ಬೀಳುವುದು ನನಗೆ ಬೇಡ. ನಾವು ಚೆಂಡು ಕಿತ್ತೆವು. ರೆಕ್ಕೆಯ ಪುಟ್ಟಿ, ಎನಾಮೆಲ್ ಎಲ್ಲ ಉಜ್ಜಿ ತೆಗೆದು ಕೆಂಪು ಗ್ಲೇಜ್ ಪೇಪರ್ ಅಂಟಿಸಿದೆವು. ಬಾಲದ ಹೊಸ ಭಾರ 12 ಗ್ರಾಂಗೆ ಇಳಿಯಿತು. ಒಟ್ಟು 166 ಗ್ರಾಂ, ತೂಕದ ಗುರುತು 36.

ಇನ್ನು 3 ಸೆಂ.ಮೀ. ಮುಂದೆ ತರಬೇಕು. ಅದಕ್ಕೊಂದು ಸುಲಭ ಲೆಕ್ಕ ಇದೆ. ಒಟ್ಟು ತೂಕವನ್ನು ಸರಿಸಬೇಕಾದ ಅಂತರದಿಂದ ಗುಣಿಸಿ. ಮೂತಿಯಲ್ಲಿ ಭಾರ ಇಡುವ ಜಾಗದಿಂದ ನಿಮಗೆ ಬೇಕಾದ ಗುರುತಿಗೆ ಎಷ್ಟು ದೂರವೋ ಅದರಿಂದ ಭಾಗಿಸಿ. ನಮ್ಮದು 166 ಗುಣಿಸು 3, ಭಾಗಿಸು 30. ಹತ್ತಿರ ಹತ್ತಿರ 17 ಗ್ರಾಂ. ಮಕ್ಕಳು ಆಡುವ ಮೆತ್ತನೆಯ ಕ್ಲೇ ತೂಗಿ ಮೂತಿಯ ಒಳಗೆ ಒತ್ತಿದೆವು. ಕಲ್ಲು, ನಟ್ಟು-ಬೋಲ್ಟು ಬಳಸಬೇಡಿ.

ಇಷ್ಟಾದ ಮೇಲೆ ಹಾರಿಸುವ ಮುಂಚೆ ತಿರುಗಿಸಿ ನೋಡಿ. ತೂಕದ ಗುರುತಿನ ಜಾಗದಲ್ಲಿ ದಾರ ಕಟ್ಟಿ, ಜಾರದಂತೆ ಟೇಪ್ ಹಾಕಿ, ಎರಡು ಮೀಟರ್ ದಾರ ಬಿಟ್ಟು ತಲೆಯ ಮೇಲೆ ಸುತ್ತ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದಾಗಿ ಸುತ್ತಿದರೆ ಇನ್ನೂ ಕೆಲಸ ಬಾಕಿ ಇದೆ. ಕಾಫಿ ಕಣ ಖಾಲಿ ಇದ್ದರೆ ಇದಕ್ಕೆ ಅದೇ ಒಳ್ಳೆಯ ಜಾಗ.

ಕಾಲಿನ ಚೆಂಡುಗಳು ಹೋದವಲ್ಲ ಅಂತ ಅಕ್ಕನ ಮಗಳಿಗೆ ಬೇಜಾರಾಯಿತು. ರೆಕ್ಕೆಯ ತುದಿಯಲ್ಲಿ ಕಪ್ಪು ಕಾಗದದ ದುಂಡು ಅಂಟಿಸಿ, ಅದರ ಮೇಲೆ ಬಿಳಿ ಚುಕ್ಕೆ ಇಟ್ಟಳು. ಹತ್ತು ಹೆಜ್ಜೆ ದೂರದಿಂದ ಚೆಂಡೇ ಅನಿಸುತ್ತದೆ.

ಸ್ಕ್ರೂ ಥರ ಸುತ್ತಿದರೆ

ರಟ್ಟಿನ ರೆಕ್ಕೆಯ ಒಂದೇ ಮೈಗೆ ಬಣ್ಣ ಹಚ್ಚಿ ಒಣಗಲು ಬಿಟ್ಟರೆ ಅದು ಬಾಗುತ್ತದೆ. ಹಚ್ಚಿದ ಮೈ ನೆನೆದು ಹಿಗ್ಗಿ, ಒಣಗುವಾಗ ಕುಗ್ಗಿ ಎಳೆಯುತ್ತದೆ. ಎರಡೂ ಮೈಗೆ ಒಂದೇ ದಿನ ಹಚ್ಚಿ, ಸಮತಟ್ಟಾಗಿ ಒಣಗಿಸಿ. ಮಳೆಗಾಲದಲ್ಲಿ ಬಣ್ಣವೇ ಇಲ್ಲದೆಯೂ ರಟ್ಟು ನೀರು ಕುಡಿದು ಬಾಗುತ್ತದೆ. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಸಿಗುವ ಸನ್‌ಬೋರ್ಡ್ ತುಂಡು ಕೇಳಿ ತನ್ನಿ, ಅದಕ್ಕೆ ಈ ತೊಂದರೆ ಇಲ್ಲ.

ಬಾಟಲಿ ಬಿಳಿಚಿಕೊಂಡಿದೆ. ಬಣ್ಣದ್ದಾ, ಬಾಟಲಿಯದ್ದಾ?

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಪಲ್ಟಿ ಹೊಡೆದರೆ ರಾಕೆಟ್ ಹಾಳಾಗುತ್ತದೆ ಅಷ್ಟೇ. ಇಲ್ಲಿ ತಪ್ಪಿದರೆ ಬಾಟಲಿ ಮುಖದ ಹತ್ತಿರ ಸಿಡಿಯುತ್ತದೆ.

ಬಿಳಿಚಿಕೊಳ್ಳುವುದರಲ್ಲಿ ಎರಡು ಬಗೆ. ಮೊದಲನೆಯದು ಕೊಡಗಿನವರಿಗೆ ತೀರಾ ಪರಿಚಯದ್ದು. ಸ್ಪ್ರೇ ಬಣ್ಣ ಹೊಡೆಯುತ್ತೀರಿ, ಹೊಳಪಿನ ಕೆಂಪು ಬರುವ ಬದಲು ಮಂಜು ಹಿಡಿದ ಗಾಜಿನ ಹಾಗೆ ಮಸುಕು ಬರುತ್ತದೆ. ಬಣ್ಣದೊಳಗಿನ ಥಿನ್ನರ್ ಬೇಗ ಆರುವಾಗ ಆ ಜಾಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟಿದಂತೆ ಹಸಿ ಬಣ್ಣದ ಮೇಲೆ ನೀರು ಕೂರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿಯಲ್ಲಿ ಸ್ಪ್ರೇ ಹೊಡೆದರೆ ಇದು ಬಂದೇ ಬರುತ್ತದೆ. ಬೇಸಿಗೆಯಲ್ಲೂ ಬೆಳಿಗ್ಗೆ ಮಂಜಿನಲ್ಲಿ ಹೊಡೆಯಬೇಡಿ. 11 ಗಂಟೆಯಿಂದ 3 ಗಂಟೆ ಒಳಗೆ, ಬಿಸಿಲು ಬಂದಾಗ ಹೊಡೆಯಿರಿ. ಮಳೆಗಾಲದಲ್ಲೇ ಆಗಬೇಕು ಅಂದರೆ ಕುಶಾಲನಗರದ ಕಡೆ ನೆಂಟರ ಮನೆ ಇದ್ದರೆ ಅಲ್ಲಿಗೆ ಒಯ್ಯಿರಿ, ಅಲ್ಲಿ ಮಳೆ ಎಷ್ಟೋ ಕಡಿಮೆ. ಈ ಬಗೆಯ ಮಸುಕು ಮೇಲಿನದು. ಒಣ ದಿನ ನೋಡಿ ತೆಳುವಾಗಿ ಇನ್ನೊಂದು ಕೋಟ್ ಕೊಟ್ಟರೆ ಎಷ್ಟೋ ಸಲ ಹೋಗುತ್ತದೆ.

ಎರಡನೆಯದು ಅಪಾಯದ್ದು. ಸೋಡಾ ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್. ಅಸಿಟೋನ್ ಇರುವ ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ, ಕ್ಷಣದಲ್ಲಿ ಅಂಟುವ ಗಮ್, ಇವು ಆ ಪ್ಲಾಸ್ಟಿಕ್ಕನ್ನೇ ಪೆಡಸು ಮಾಡುತ್ತವೆ. ಆಗ ಕಾಣುವ ಬಿಳಿ ಮಂಜಿನಂತೆ ಹರಡಿರುವುದಿಲ್ಲ. ಕೂದಲಿನಂಥ ಸಣ್ಣ ಗೀರುಗಳಾಗಿ, ಬಿರುಕು ಬಿಟ್ಟ ಗದ್ದೆಯ ಹಾಗೆ ಇರುತ್ತದೆ. ಬೆರಳಿನಿಂದ ಒತ್ತಿದರೆ ಚಟಚಟ ಸದ್ದು ಬರಬಹುದು. ಅಂಥ ಬಾಟಲಿಗೆ ಮತ್ತೆ ಗಾಳಿ ತುಂಬಬೇಡಿ. ಚೆಂದದ ಬಣ್ಣ ಹಾಳಾಯಿತಲ್ಲ ಎಂದು ಯೋಚಿಸಬೇಡಿ, ಬಿಸಾಡಿ. ಉಪ್ಪುಕಾಗದದಿಂದ ಬಾಟಲಿಯ ಮೈ ಉಜ್ಜುವುದೂ ಬೇಡ. ಗೀರು ಬಿದ್ದ ಜಾಗದಿಂದಲೇ ಒತ್ತಡದಲ್ಲಿ ಸೀಳುತ್ತದೆ.

ತೊಂದರೆ ಏನೆಂದರೆ, ಪೂರ್ತಿ ಬಣ್ಣ ಬಳಿದ ಬಾಟಲಿಯಲ್ಲಿ ಈ ಗೀರುಗಳು ಕಾಣುವುದೇ ಇಲ್ಲ. ಅದಕ್ಕೆ ಕಾರ್ಟೂನ್ ರಾಕೆಟ್ಟಿನ ದುಂಡು ಕಿಟಕಿಯೇ ಮದ್ದು. ಮಾಸ್ಕಿಂಗ್ ಟೇಪಿನಲ್ಲಿ ಎರಡು ದುಂಡು ಕತ್ತರಿಸಿ ಎದುರುಬದುರು ಅಂಟಿಸಿ, ಬಣ್ಣ ಹಚ್ಚಿ, ಆಮೇಲೆ ಕಿತ್ತುಬಿಡಿ. ಒಂದು ಕಿಟಕಿಯಿಂದ ಟಾರ್ಚ್ ಬಿಟ್ಟು ಇನ್ನೊಂದರಿಂದ ನೋಡಿದರೆ ಪ್ಲಾಸ್ಟಿಕ್ಕಿನ ಸ್ಥಿತಿ ಗೊತ್ತಾಗುತ್ತದೆ. ಎಷ್ಟು ನೀರು ತುಂಬಿದ್ದೀರಿ ಅನ್ನುವುದೂ ಕಾಣುತ್ತದೆ. ನನಗೆ ತುಂಬ ಖುಷಿ ಕೊಟ್ಟ ವಿಷಯ ಇದು.

ಅನುಮಾನ ಉಳಿದರೆ ನೀರಿನ ಪರೀಕ್ಷೆ ಮಾಡಿ. ಬಾಟಲಿಯಲ್ಲಿ ಗಾಳಿಗುಳ್ಳೆ ಇಲ್ಲದಂತೆ ಪೂರ್ತಿ ನೀರು ತುಂಬಿ, ಗೋಣಿಚೀಲ ಮುಚ್ಚಿ, ಗೋಡೆಯ ಈಚೆ ನಿಂತು ಪಂಪ್ ಮಾಡಿ. ಹಾರಿಸುವಾಗ ನಾವು 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟುವುದಿಲ್ಲ, ಪರೀಕ್ಷೆಗೆ 80ರವರೆಗೆ ಒಯ್ದು ಐದು ನಿಮಿಷ ಬಿಡುತ್ತೇವೆ. ನೀರು ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ. ಹಾಗಾಗಿ ಬಾಟಲಿ ಸೀಳಿದರೂ ಸಿಡಿಯುವುದಿಲ್ಲ, ನೀರು ಚೆಲ್ಲುತ್ತದೆ. ಪರೀಕ್ಷೆಯಲ್ಲೂ ಹಾರಿಸುವಾಗಲೂ ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ಹತ್ತು ಮೀಟರ್ ಹಿಂದೆ ನಿಲ್ಲಲಿ.

ಇನ್ನೊಂದು ವಿಷಯ. ಬಣ್ಣ ಒಣಗಲಿಲ್ಲ ಅಂತ ಒಲೆಯ ಪಕ್ಕ, ಅಗ್ಗಿಷ್ಟಿಕೆಯ ಹತ್ತಿರ ಬಾಟಲಿ ಇಡಬೇಡಿ. ಥಿನ್ನರ್ ಆವಿಗೆ ಬೆಂಕಿ ಹತ್ತುತ್ತದೆ. ಹತ್ತದಿದ್ದರೂ ಸುಮಾರು 70 ಡಿಗ್ರಿಯಲ್ಲೇ ಈ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ನಾನು ಒಮ್ಮೆ ಬಟ್ಟೆ ಒಣಗಿಸುವ ಜಾಗದಲ್ಲಿ ಇಟ್ಟು, ಬೆಳಿಗ್ಗೆ ನೋಡಿದರೆ ಬಾಟಲಿಯ ಒಂದು ಪಕ್ಕೆ ಒಳಗೆ ಹೋಗಿತ್ತು. ಬಿಸಿ ಗ್ಲೂ ಗನ್ನಿಗೂ ಇದೇ ಮಾತು ಅನ್ವಯ.

ಬಣ್ಣ ಚಕ್ಕೆ ಏಳುತ್ತಿದೆ

ಗಾಳಿ ತುಂಬಿದಾಗ ಬಾಟಲಿ ಸ್ವಲ್ಪ ಹಿಗ್ಗುತ್ತದೆ. ಗಟ್ಟಿಯಾಗಿ ಒಣಗಿದ ಎನಾಮೆಲ್ ಹಿಗ್ಗುವುದಿಲ್ಲ. ಎರಡು-ಮೂರು ಹಾರಾಟಕ್ಕೆ ಚಕ್ಕೆ ಏಳುತ್ತದೆ. ಬಾಟಲಿಗೆ ನೇರವಾಗಿ ಬಣ್ಣ ಹಚ್ಚುವುದನ್ನು ನಾನು ಈಗ ಬಿಟ್ಟೇಬಿಟ್ಟಿದ್ದೇನೆ. ತೆಳು ಡ್ರಾಯಿಂಗ್ ಶೀಟಿಗೆ ಅಕ್ರಿಲಿಕ್ ಬಣ್ಣದಲ್ಲಿ ಚೌಕಳಿ ಬರೆದು, ಕಿಟಕಿ ಕತ್ತರಿಸಿ, ಬಾಟಲಿಗೆ ಸ್ವಲ್ಪ ಸಡಿಲವಾಗಿ ಸುತ್ತಿ ಟೇಪ್ ಹಾಕುತ್ತೇನೆ. ಬಾಟಲಿ ಹಳತಾದರೆ ಅಂಗಿ ಕಳಚಿ ಹೊಸ ಬಾಟಲಿಗೆ ಹಾಕಬಹುದು. ಪ್ಲಾಸ್ಟಿಕ್ಕಿಗೆ ಥಿನ್ನರ್ ಸೋಕುವುದೂ ಇಲ್ಲ. ಮೂತಿ ಥರ್ಮೋಕೋಲಿನದಾದರೆ ಅದಕ್ಕೂ ನೀರು ಬೆರೆಸುವ ಬಣ್ಣವೇ ಆಗಬೇಕು. ಸ್ಪ್ರೇ ತಾಗಿದರೆ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ.

ಮೂತಿ ಕಳಚಲಿಲ್ಲ, ಪ್ಯಾರಾಚೂಟ್ ಬಿಚ್ಚಲಿಲ್ಲ

ತುದಿಗೆ ಏರಿ ತಿರುಗುವಾಗ ಸಡಿಲ ಮೂತಿ ತಾನೇ ಕಳಚಿ ಬೀಳಬೇಕು. ಅದು ಕೂರುವ ಅಂಚಿಗೆ ಬಣ್ಣ ಸೋಕಿದ್ದರೆ ಅಲ್ಲೇ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಒಣಗುವ ಎನಾಮೆಲ್ ನಮ್ಮ ಮಳೆಯಲ್ಲಿ ನಾಲ್ಕು ದಿನವಾದರೂ ಜಿಗುಟು ಬಿಡುವುದಿಲ್ಲ. ಹಾರಿಸುವ ಮುಂಚೆ ರಾಕೆಟ್ಟನ್ನು ತಲೆಕೆಳಗೆ ಹಿಡಿಯಿರಿ. ಮೂತಿ ತಾನಾಗಿ ಜಾರಿ ಬೀಳಬೇಕು. ಬೀಳದಿದ್ದರೆ ಆ ಅಂಚಿನ ಬಣ್ಣ ಕೆರೆದು ತೆಗೆದು, ಪೌಡರ್ ಸವರಿ. ಮಡಿಸಿದ ಪ್ಯಾರಾಚೂಟಿನ ಪದರಗಳ ನಡುವೆಯೂ ಸ್ವಲ್ಪ ಪೌಡರ್ ಉದುರಿಸಿದರೆ ತೇವಕ್ಕೆ ಅಂಟುವುದಿಲ್ಲ.

ಒತ್ತಡ ಏರುತ್ತಿಲ್ಲ

ಬಾಟಲಿಯ ಬಾಯಿ ನೋಡಿ. ಪಂಪಿನ ಗಾಳಿಯನ್ನು ಒಳಗೆ ಬಿಡುವ ಅರ್ಧ ಇಂಚಿನ ಪಿವಿಸಿ ಪೈಪ್ ಬಾಯಿಯೊಳಗೆ ಕೂದಲಿನಷ್ಟೇ ಸಡಿಲದಲ್ಲಿ ಕೂರುತ್ತದೆ. ಅಲ್ಲಿ ಒಂದು ಹನಿ ಬಣ್ಣ ಒಣಗಿದ್ದರೂ ರಬ್ಬರ್ ರಿಂಗ್ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ. ಸ್ಪ್ರೇ ಹೊಡೆಯುವಾಗ ಬಾಟಲಿಗೆ ಅದರ ಮುಚ್ಚಳ ಹಾಕಿಡಿ, ಈ ದೋಷ ಬರುವುದೇ ಇಲ್ಲ.

ನಮ್ಮ ಕೆಂಪು ರಾಕೆಟ್ 17 ಗ್ರಾಂ ಕ್ಲೇ, ಕಾಗದದ ಕಾಲು, ಎರಡು ಕಿಟಕಿ ಇಟ್ಟುಕೊಂಡು ಫೆಬ್ರವರಿ ಮೊದಲ ವಾರ ಮತ್ತೆ ಹಾರಿತು. 50 ಪಿಎಸ್‌ಐಗೆ ಶುರು ಮಾಡಿದೆವು. ವಿಡಿಯೊದಲ್ಲಿ ಚೌಕಳಿ ಅರ್ಧ ಸುತ್ತು ಮಾತ್ರ ತಿರುಗಿದೆ, ಮೂತಿ ಕೊನೆಯವರೆಗೂ ಮೇಲೇ ಇದೆ. ನಾಲ್ಕನೇ ಸಲ ಪ್ಯಾರಾಚೂಟ್ ಬಿಚ್ಚಿ ತೇಲುತ್ತ ಹೋಗಿ ತೋಟದಂಚಿನ ಸಿಲ್ವರ್ ಓಕ್ ಮರಕ್ಕೆ ಸಿಕ್ಕಿಕೊಂಡಿತು. ಮೆಣಸು ಕೊಯ್ಯುವ ಏಣಿ ಇಟ್ಟು ಇಳಿಸಿದೆವು. ಅಕ್ಕನ ಮಗಳು ಪ್ರತಿ ಹಾರಾಟಕ್ಕೂ ಬಾಲದ ಒಳಮೈಗೆ ಪೆನ್ಸಿಲಿನಲ್ಲಿ ಒಂದೊಂದು ಗೀಟು ಹಾಕುತ್ತಿದ್ದಾಳೆ. ಇಪ್ಪತ್ತು ಗೀಟು ಆದ ದಿನ ಆ ಬಾಟಲಿ ತೆಗೆದು, ಅಂಗಿಯನ್ನು ಹೊಸದಕ್ಕೆ ಹಾಕುತ್ತೇವೆ.